ಕಿವಿಗವಸು ಹಾಕಿದರೂ ಮಗು ಬೆಚ್ಚುತ್ತದೆಯೆ? ಹೊಲದ ಸದ್ದಿನಿಂದ ಮಕ್ಕಳ ಕಿವಿ ಕಾಯಲು ಒಂದು ದೋಷ ನಿವಾರಣೆ ಕೈಪಿಡಿ

ಎಳ್ಳಮಾವಾಸ್ಯೆಯ ದಿನ ನಮ್ಮ ಕಡೆ ಊರು ಖಾಲಿ, ಹೊಲ ಭರ್ತಿ. ಚರಗ ಚೆಲ್ಲಿ, ಭಜ್ಜಿ, ಸಜ್ಜೆ ರೊಟ್ಟಿ, ಕಡುಬು ಉಂಡು ಬೇವಿನ ನೆರಳಿಗೆ ಒರಗುವ ಹೊತ್ತು. ಎರಡು ವರ್ಷದ ಹಿಂದೆ ಚಿಂಚೋಳಿ ಕಡೆಯ ನಮ್ಮ ಹೊಲದಲ್ಲಿ ಹಾಗೆ ಒರಗಿದ್ದಾಗ ಪಕ್ಕದ ಬದುವಿನಿಂದ ಢಂ ಎಂದಿತು. ಹಾಲುಗಾಳಿನ ಬಿಳಿಜೋಳಕ್ಕೆ ಎರಗಿದ ಗಿಳಿಗಳನ್ನು ಓಡಿಸಲು ಯಾರೋ ಕಾರ್ಬೈಡ್ ಪೈಪು (ಅನಿಲ ಸಿಡಿಸಿ ಸದ್ದು ಮಾಡುವ ಪ್ಲಾಸ್ಟಿಕ್ ಕೊಳವೆ) ಹೊಡೆದಿದ್ದರು. ತಂಗಿಯ ಒಂದೂವರೆ ವರ್ಷದ ಮಗ ನಿದ್ದೆಯಿಂದ ಚೀರಿಕೊಂಡು ಎದ್ದ. ವಿಚಿತ್ರವೆಂದರೆ ಅವನ ತಲೆಯ ಮೇಲೆ ಕಿವಿಗವಸು ಇತ್ತು. ಬೆಳಗಿನಿಂದ ಸದ್ದು ಕೇಳುತ್ತಿದ್ದುದರಿಂದ ನಾವೇ ಹಾಕಿದ್ದೆವು. ಕಲಬುರಗಿಯ ಅಂಗಡಿಯೊಂದರಲ್ಲಿ ‘ಬಾಂಬು ಬಿದ್ದರೂ ಕೇಳಿಸುವುದಿಲ್ಲ’ ಎಂಬ ಭರವಸೆಯ ಸಮೇತ ಕೊಂಡ ಮಾಲು.

ಬಗ್ಗಿ ನೋಡಿದೆ. ಗವಸಿನ ಮೆತ್ತೆಯ ಅಡಿಯಲ್ಲಿ ಅಜ್ಜಿ ಹೊಲಿದ ಕುಲಾಯಿ. ಅದರ ಅಂಚಿನ ಜರಿ ಕಿವಿಯ ಹಿಂದೆ ಮಡಚಿಕೊಂಡು ಉಬ್ಬಿಕೊಂಡಿತ್ತು. ಆ ಸಂದಿನಲ್ಲಿ ನನ್ನ ಕಿರುಬೆರಳು ಸಲೀಸಾಗಿ ಒಳಹೋಯಿತು. ಬೆರಳು ಹೋಗುವ ಕಡೆ ಸದ್ದು ಹೋಗದಿರುತ್ತದೆಯೆ?

ಅಂದಿನಿಂದ ನಮ್ಮ ಮನೆಯ ಮಕ್ಕಳಿಗೂ ಓಣಿಯ ಮಕ್ಕಳಿಗೂ ಗವಸು ಹಾಕಿಸಿ, ತೆಗೆಸಿ, ಬದಲಾಯಿಸಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಹೊರದೇಶಗಳಲ್ಲಿ ಅಪ್ಪಂದಿರು ಮಕ್ಕಳನ್ನು ಬೇಟೆಗೆ ಕರೆದೊಯ್ಯುವಾಗ ಹಾಕುವ ಗವಸೂ ಇದೇ. ನಮ್ಮಲ್ಲಿ ಶಿಕಾರಿ ಎಂಬ ಮಾತು ಉಳಿದಿದೆಯೇ ಹೊರತು ಶಿಕಾರಿ ಮಾಡುವ ಹಕ್ಕು ಉಳಿದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಚಿಗರಿಗೆ ಗುಂಡಿಟ್ಟವರಿಗೆ ಜೈಲು. ಆದರೆ ಬೆಳೆ ಕಾಯುವ ಪರವಾನಗಿ ಬಂದೂಕು, ಹಂದಿ ಓಡಿಸುವ ಪಟಾಕಿ, ಹಕ್ಕಿ ಎಬ್ಬಿಸುವ ಪೈಪು ಎಲ್ಲವೂ ಇವೆ. ಸೀತನಿ ತಿನ್ನಲೆಂದು ಹೊಲಕ್ಕೆ ಹೋದ ಮಕ್ಕಳ ಕಿವಿಗೆ ಈ ಸದ್ದೂ ಬಂದೂಕಿನದೇ ಜಾತಿಯದು.

ಮೊದಲು, ಸದ್ದು ಎಂಥದ್ದು?

ಡಿಜೆ, ಟ್ರ್ಯಾಕ್ಟರ್, ಒಕ್ಕಣೆ ಯಂತ್ರಗಳದು ಒಂದೇ ಸಮನೆ ಸುರಿಯುವ ಸದ್ದು. ಅಲ್ಲಿ ಹೊತ್ತಿನ ಲೆಕ್ಕ ನಡೆಯುತ್ತದೆ. 85 ಡೆಸಿಬಲ್ (ಸದ್ದಿನ ಅಳತೆ) ಆದರೆ ದೊಡ್ಡವರಿಗೆ ದಿನಕ್ಕೆ 8 ಗಂಟೆ ಮಿತಿ; 3 ಡೆಸಿಬಲ್ ಏರಿದಾಗಲೆಲ್ಲ ಮಿತಿ ಅರ್ಧಕ್ಕಿಳಿಯುತ್ತದೆ, 100 ಮುಟ್ಟಿದರೆ 15 ನಿಮಿಷ. ಬಂದೂಕು, ಪಟಾಕಿ, ಪೈಪು ಹಾಗಲ್ಲ. ಅವು ರೆಪ್ಪೆ ಮುಚ್ಚುವ ಮೊದಲೇ ಮುಗಿಯುವ ಒಂದೇ ಏಟು. ಅಲ್ಲಿ ಎಷ್ಟು ಹೊತ್ತು ಎಂದು ಕೇಳುವುದರಲ್ಲಿ ಅರ್ಥವಿಲ್ಲ, ಏಟಿನ ತುದಿ ಎಷ್ಟಕ್ಕೆ ಮುಟ್ಟಿತು ಎಂದೇ ಕೇಳಬೇಕು. ವಿಶ್ವ ಆರೋಗ್ಯ ಸಂಸ್ಥೆ ಆ ತುದಿಗೆ ದೊಡ್ಡವರಲ್ಲಿ 140, ಮಕ್ಕಳಲ್ಲಿ 120 ಡೆಸಿಬಲ್ ಮಿತಿ ಹೇಳುತ್ತದೆ. ಬಂದೂಕಿನ ಬಳಿ ಅದು 140ರಿಂದ 170ರವರೆಗೆ ಇರುತ್ತದೆ. ನಮ್ಮ ಕಾನೂನು ಪಟಾಕಿಗೆ ಹಾಕಿರುವ ಮಿತಿಯೇ 4 ಮೀಟರ್ ದೂರದಲ್ಲಿ 145; ಅಂದರೆ ಕಾನೂನಿಗೆ ಒಪ್ಪಿಗೆಯಾದ ಪಟಾಕಿಯೂ ಮಗುವಿನ ಕಿವಿಗೆ ಒಪ್ಪಿಗೆಯಾಗಬೇಕೆಂದಿಲ್ಲ.

ಮೊಬೈಲಿನ ಡೆಸಿಬಲ್ ಆ್ಯಪ್ ಹಿಡಿದು ಬಂದೂಕಿನ ಸದ್ದು ಅಳೆಯುವವರನ್ನು ನೋಡಿದ್ದೇನೆ. ಆ ಪುಟ್ಟ ಮೈಕಿಗೆ ಅಂಥ ಏಟಿನ ತುದಿ ಹಿಡಿಯಲಾಗುವುದಿಲ್ಲ. ಅದು ‘96’ ಎಂದು ತೋರಿಸಿದರೆ ನಂಬಬೇಡಿ.

ಲಕ್ಷಣ: ಗವಸು ಹಾಕಿದ್ದರೂ ಮಗು ಬೆಚ್ಚುತ್ತದೆ, ಅಳುತ್ತದೆ, ಗವಸಿನ ಮೇಲೆ ಕೈ ಒತ್ತಿಕೊಳ್ಳುತ್ತದೆ

ಕೈ ಒತ್ತಿಕೊಳ್ಳುವುದನ್ನು ಗಮನಿಸಿ. ಮಾತು ಬಾರದ ಮಗು ‘ಎಲ್ಲೋ ಸಂದಿದೆ’ ಎಂದು ಹೇಳುವ ಭಾಷೆ ಅದು. ಹತ್ತರಲ್ಲಿ ಎಂಟು ಸಲ ದೋಷ ಗವಸಿನಲ್ಲಿರುವುದಿಲ್ಲ, ಗವಸಿಗೂ ತಲೆಗೂ ನಡುವೆ ಇರುತ್ತದೆ ಎಂಬುದು ನನ್ನ ಅನುಭವ. ಆದ್ದರಿಂದ ಹೊಸದನ್ನು ಕೊಳ್ಳುವ ಮೊದಲು ಖರ್ಚಿಲ್ಲದ ಪರೀಕ್ಷೆಗಳನ್ನು ಮುಗಿಸಿ.

ಮೊದಲು ಗವಸು ತೆಗೆದು ಕಿವಿಯ ಸುತ್ತ ಬೆರಳಾಡಿಸಿ. ಕುಲಾಯಿ, ಸ್ಕಾರ್ಫು, ಚಳಿಗೆ ಸುತ್ತಿದ ಟವೆಲ್, ಹೆಣ್ಣುಮಕ್ಕಳ ಜುಮುಕಿ, ಕಿವಿಯ ಮೇಲೆ ಹಾದುಹೋಗುವ ಜಡೆ, ಕನ್ನಡಕದ ಕಡ್ಡಿ, ಇವುಗಳಲ್ಲಿ ಒಂದು ಇದ್ದರೂ ಮೆತ್ತೆ ಚರ್ಮಕ್ಕೆ ಕೂರುವುದಿಲ್ಲ. ಬಟ್ಟೆ ತೆಗೆಯಿರಿ, ಜುಮುಕಿ ಬಿಚ್ಚಿ, ಜಡೆ ಹಿಂದಕ್ಕೆ ಕಟ್ಟಿ. ಚಳಿಯಿದ್ದರೆ ಮೊದಲು ಗವಸು, ಅದರ ಮೇಲೆ ಕುಲಾಯಿ. ಅಜ್ಜಿಯರು ಒಪ್ಪುವುದಿಲ್ಲ, ಒಪ್ಪಿಸಬೇಕು. ಕನ್ನಡಕ ಬೇಕೇ ಬೇಕೆನ್ನುವ ಮಗುವಿಗೆ ಕಡ್ಡಿ ತೆಳುವಾಗಿರಲಿ, ಮೆತ್ತೆ ದಪ್ಪವಾಗಿರಲಿ.

ಮುಂದಿನದು ಒತ್ತುವ ಪರೀಕ್ಷೆ. ಮನೆಯಲ್ಲಿ ಮಿಕ್ಸರ್ ಹಾಕಿ ನಾಲ್ಕು ಹೆಜ್ಜೆ ದೂರದಲ್ಲಿ ಗವಸು ಹಾಕಿದ ಮಗುವನ್ನು ನಿಲ್ಲಿಸಿ. ಗವಸಿನ ಎರಡು ಬಟ್ಟಲುಗಳನ್ನೂ (ಕಿವಿ ಮುಚ್ಚುವ ಭಾಗ) ಅಂಗೈಯಿಂದ ಮೆಲ್ಲಗೆ ಒತ್ತಿ, ಬಿಟ್ಟು, ಮತ್ತೆ ಒತ್ತಿ. ‘ಒತ್ತಿದಾಗ ಸದ್ದು ಕಡಿಮೆಯಾಯಿತೆ?’ ಎಂದು ಕೇಳಿ. ಆಗಲಿಲ್ಲ ಎಂದರೆ ಗವಸು ಸರಿಯಾಗಿ ಕೂತಿದೆ. ಆಯಿತು ಎಂದರೆ ಸಂದಿದೆ. ನಾಲ್ಕು ವರ್ಷದ ಮೇಲಿನ ಮಕ್ಕಳು ಇದಕ್ಕೆ ಚೆನ್ನಾಗಿ ಉತ್ತರ ಕೊಡುತ್ತಾರೆ. ಚಿಕ್ಕವರಿದ್ದರೆ ಮೆತ್ತೆಯ ಸುತ್ತ, ಅದರಲ್ಲೂ ಕಿವಿಯ ಕೆಳಗೆ ದವಡೆ ತಿರುಗುವ ಕಡೆ, ಬೆರಳಿನಿಂದ ತಡವಿ ನೋಡಿ. ಮಕ್ಕಳ ಮುಖ ಅಲ್ಲಿ ಒಳಕ್ಕೆ ಬಾಗುತ್ತದೆ. ದೊಡ್ಡವರ ಬಟ್ಟಲು ಅಲ್ಲೇ ಬಾಯಿ ಬಿಡುತ್ತದೆ. ಬಟ್ಟಲು ಕಿವಿಯನ್ನು ಪೂರ್ತಿ ಒಳಗೆ ಕೂರಿಸಿಕೊಳ್ಳಬೇಕು, ಕಿವಿಯ ಮೇಲೆ ಕೂರಬಾರದು. ‘ದೊಡ್ಡವನಾದ ಮೇಲೂ ಆಗುತ್ತದೆ’ ಎಂದು ಅಳತೆ ಮೀರಿದ್ದನ್ನು ಕೊಳ್ಳುವ ನಮ್ಮ ಅಭ್ಯಾಸ ಚಪ್ಪಲಿಗೆ ಸರಿ, ಇದಕ್ಕಲ್ಲ.

ಇಷ್ಟೂ ಸರಿಯಿದ್ದರೆ ಮೆತ್ತೆಯನ್ನು ಹಿಚುಕಿ. ಬೆರಳು ತೆಗೆದೊಡನೆ ಅದು ಉಬ್ಬಿ ಮೊದಲಿನಂತಾಗಬೇಕು. ನಮ್ಮ ಏಪ್ರಿಲ್–ಮೇ ಬಿಸಿಲಿಗೆ ಬೈಕಿನ ಪೆಟ್ಟಿಗೆಯಲ್ಲೋ ಕಾರಿನ ಗಾಜಿನ ಕೆಳಗೋ ಬಿದ್ದಿದ್ದ ಗವಸಿನ ಮೆತ್ತೆ ಹಪ್ಪಳವಾಗಿರುತ್ತದೆ. ಬಿರುಕು ಕಂಡರೆ, ಗಟ್ಟಿಯಾಗಿದ್ದರೆ ಮೆತ್ತೆ ಬದಲಿಸಿ. ದಿನವೂ ಬಳಸುವವರು ಆರು ತಿಂಗಳಿಂದ ವರ್ಷದೊಳಗೆ ಬದಲಿಸುವುದು ವಾಡಿಕೆ. ಬೇರೆ ಮೆತ್ತೆ ಸಿಗದ ಮಾದರಿಯಾದರೆ ಗವಸನ್ನೇ ಬದಲಿಸಬೇಕು. ತಲೆಪಟ್ಟಿ ಅಗಲವಾಗಿ ಸಡಿಲಗೊಂಡಿದ್ದರೂ ಇದೇ ಮಾತು. ಪಟ್ಟಿಯನ್ನು ಬಗ್ಗಿಸಿ ಬಿಗಿ ಮಾಡಲು ಹೋಗಿ ನಾನೇ ಒಂದನ್ನು ಮುರಿದಿದ್ದೇನೆ.

ಇನ್ನು ಡಬ್ಬಿಯನ್ನು ಓದಿ. ಗವಸು ಎಷ್ಟು ಡೆಸಿಬಲ್ ತಗ್ಗಿಸುತ್ತದೆ ಎಂದು ಹೇಳುವ ಎನ್‌ಆರ್‌ಆರ್ ಅಥವಾ ಎಸ್‌ಎನ್‌ಆರ್ ಎಂಬ ಅಂಕಿ ಅದರ ಮೇಲೆ ಇರಬೇಕು. ಮೊದಲನೆಯದು ಅಮೆರಿಕದ ಅಳತೆ, ಎರಡನೆಯದು ಯುರೋಪಿನದು. ಒಂದೇ ಗವಸಿಗೆ ಎರಡನೆಯದು ಸಾಮಾನ್ಯವಾಗಿ ತುಸು ಹೆಚ್ಚಾಗಿಯೇ ಇರುತ್ತದೆ, ಅವೆರಡನ್ನು ಹೋಲಿಸಬೇಡಿ. ಅಂಕಿಯೇ ಇಲ್ಲದಿದ್ದರೆ ಅದು ಚಳಿಗೆ ಹಾಕುವ ಉಣ್ಣೆಯ ಕಿವಿಪಟ್ಟಿ ಇರಬಹುದು, ಇಲ್ಲವೆ ಆಟಿಕೆ. ಹಾಡು ಕೇಳುವ ಹೆಡ್‌ಫೋನ್ ನೋಡಲು ಇದರಂತೆಯೇ ಇರುತ್ತದೆ. ಅದರಲ್ಲಿ ‘ನಾಯ್ಸ್ ಕ್ಯಾನ್ಸಲಿಂಗ್’ ಎಂದು ಬರೆದಿದ್ದರೂ ಅದು ಬಸ್ಸಿನ ಗುಡುಗುಡುವನ್ನು ತಗ್ಗಿಸುವ ಸಾಧನ, ಬಂದೂಕಿನ ಏಟಿಗೆ ಗುರಾಣಿಯಲ್ಲ.

ಅಂಕಿ ಇದ್ದರೂ ಪೂರ್ತಿ ನಂಬುವಂತಿಲ್ಲ. ಅದು ಪ್ರಯೋಗಾಲಯದಲ್ಲಿ, ನೆಟ್ಟಗೆ ಕೂತ ದೊಡ್ಡವರ ತಲೆಯ ಮೇಲೆ ಬಂದದ್ದು. ಕಾರ್ಖಾನೆಗಳ ಸುರಕ್ಷತೆ ನೋಡುವವರು ಎನ್‌ಆರ್‌ಆರ್‌ನಿಂದ 7 ಕಳೆದು ಉಳಿದದ್ದನ್ನು ಅರ್ಧ ಮಾಡುತ್ತಾರೆ. 27 ಎಂದು ಬರೆದ ಗವಸಿನಿಂದ ಅವರು ನಿರೀಕ್ಷಿಸುವುದು 10 ಡೆಸಿಬಲ್ ಮಾತ್ರ. ಓಡುತ್ತ, ಕಬ್ಬು ಜಗಿಯುತ್ತ, ತಲೆ ತುರಿಸಿಕೊಳ್ಳುವ ಮಗುವಿಗೆ ಅದಕ್ಕಿಂತ ಉದಾರವಾದ ಲೆಕ್ಕ ಹಾಕಲು ನನಗೆ ಧೈರ್ಯವಿಲ್ಲ.

ಈಗ ದೂರದ ಲೆಕ್ಕ ನೋಡಿ. ಬಯಲಿನಲ್ಲಿ ದೂರ ಎರಡು ಪಟ್ಟಾದಾಗಲೆಲ್ಲ ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತದೆ. ಬಂದೂಕಿನಿಂದ 5 ಮೀಟರಿನಲ್ಲಿದ್ದ ಮಗುವನ್ನು 80 ಮೀಟರಿಗೆ ಒಯ್ದರೆ ನಾಲ್ಕು ಸಲ ಇಮ್ಮಡಿ, 24 ಡೆಸಿಬಲ್ ಉಳಿತಾಯ. ಯಾವ ಅಂಗಡಿಯ ಗವಸೂ ಇಷ್ಟನ್ನು ಖಾತ್ರಿಯಾಗಿ ಕೊಡುವುದಿಲ್ಲ. 160 ಡೆಸಿಬಲ್ ಏಟಿಗೆ ಗವಸೊಂದೇ ಸಾಲದು, 120ಕ್ಕೆ ಇಳಿಸಲು ದೂರ ಬೇಕೇ ಬೇಕು. ಗವಸಿನ ಒಳಗೆ, ಕಿವಿಯ ತೂತಿಗೆ ತುರುಕುವ ಪ್ಲಗ್ಗನ್ನೂ ಹಾಕಿದರೆ ಎರಡೂ ಅಂಕಿಗಳು ಕೂಡಿಬಿಡುತ್ತವೆ ಎಂದು ತಿಳಿಯಬೇಡಿ. ಸಿಗುವುದು 5 ಡೆಸಿಬಲ್‌ನಷ್ಟು ಹೆಚ್ಚುವರಿ. ಬಂದೂಕಿನ ಮುಂದಾಗಲಿ ಪಕ್ಕಕ್ಕಾಗಲಿ ಮಗು ಇರಲೇಬಾರದು, ಅದು ಕಿವಿಗಿಂತ ದೊಡ್ಡ ಮಾತು. ತಗಡಿನ ಶೆಡ್, ಪಂಪ್‌ಸೆಟ್ ಕೋಣೆ, ಬಾವಿಯ ಕಟ್ಟೆಯ ಒಳಗೂ ಬೇಡ, ಗೋಡೆ ಸದ್ದನ್ನು ಮರಳಿಸುತ್ತದೆ.

ಬೆಚ್ಚುವುದೆಲ್ಲ ಹಾನಿಯ ಗುರುತಲ್ಲ. ಬೀದರಿನಲ್ಲಿ ವಾಯುನೆಲೆಯ ವಿಮಾನ ತಲೆಯ ಮೇಲೆ ಹಾದಾಗ ಹೊಸಬರ ಮಕ್ಕಳು ಕಿರುಚುತ್ತಾರೆ, ಊರಿನ ಮಕ್ಕಳು ಕೈ ಬೀಸುತ್ತಾರೆ. ತಿರುವುಮುರುವೂ ನಿಜ. ‘ನನ್ನ ಮಗ ಪಟಾಕಿಗೆ ಅಂಜುವುದಿಲ್ಲ’ ಎಂದರೆ ಅವನ ಕಿವಿ ಗಟ್ಟಿ ಎಂದಲ್ಲ. ಒಳಗಿವಿಯಲ್ಲಿ ಸದ್ದು ಹಿಡಿಯುವ ಕೂದಲುಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ, ಅವು ಸಾಯುವಾಗ ನೋಯಲೇಬೇಕೆಂದೂ ಇಲ್ಲ.

ಲಕ್ಷಣ: ಐದು ನಿಮಿಷವೂ ಇಟ್ಟುಕೊಳ್ಳದೆ ಕಿತ್ತೆಸೆಯುತ್ತದೆ

ಹಟ ಎಂದು ಬೈಯುವ ಮೊದಲು ಮೆತ್ತೆಯ ಒಳಗೆ ಬೆರಳಿಟ್ಟು ನೋಡಿ. ಒದ್ದೆಯಾಗಿದ್ದರೆ ಅದು ಬೆವರು. ಹತ್ತು ನಿಮಿಷಕ್ಕೊಮ್ಮೆ ಸದ್ದಿಲ್ಲದ ಕಡೆ ಕರೆದೊಯ್ದು, ತೆಗೆದು, ಒರೆಸಿ ಮತ್ತೆ ಹಾಕಿ. ಗವಸು ತೆಗೆದಾಗ ಕಿವಿಯ ಸುತ್ತ ಕೆಂಪು ಬಳೆ ಮೂಡಿ ಅರ್ಧ ಗಂಟೆಯಾದರೂ ಮಾಯದಿದ್ದರೆ ಬಿಗಿ ಹೆಚ್ಚು. ತಲೆ ಮುಂದಕ್ಕೆ ಜೋಲುತ್ತಿದ್ದರೆ ಭಾರ ಹೆಚ್ಚು. ಒಂದೇ ಕಿವಿಯನ್ನು ಮತ್ತೆ ಮತ್ತೆ ಎಳೆದುಕೊಳ್ಳುತ್ತಿದ್ದರೆ, ನೆಗಡಿ, ಜ್ವರ ಜೊತೆಗಿದ್ದರೆ, ಒಳಗೆ ಸೋಂಕಿರಬಹುದು. ಅಂದು ಹೊಲವೂ ಬೇಡ, ಗವಸೂ ಬೇಡ.

ಇದಾವುದೂ ಇಲ್ಲದಿದ್ದರೆ ಅದು ಬರೀ ಅಪರಿಚಿತತೆ. ಎಳ್ಳಮಾವಾಸ್ಯೆಗೆ ಒಂದು ವಾರ ಮೊದಲೇ ಗವಸನ್ನು ಮನೆಯಲ್ಲಿ ಆಟಕ್ಕೆ ಬಿಡಿ. ಗೊಂಬೆಗೆ ಹಾಕಲಿ, ನಾಯಿಮರಿಗೆ ಹಾಕಲಿ, ನಿಮಗೆ ಹಾಕಲಿ. ನನ್ನ ಆರು ವರ್ಷದ ಮಗಳು ಅದನ್ನು ಒಪ್ಪಿದ್ದು ನಾನೂ ಒಂದನ್ನು ಹಾಕಿಕೊಂಡು ಅವಳ ಎದುರು ಜೋಳದ ರೊಟ್ಟಿ ಜಗಿದ ಮೇಲೆ. ಕಿವಿ ಮುಚ್ಚಿದಾಗ ತನ್ನದೇ ಅಗಿಯುವ ಸದ್ದು ತಲೆಯೊಳಗೆ ಕಟಕಟ ಎಂದು ಕೇಳುವುದು ಅವಳಿಗೆ ಬಲು ತಮಾಷೆಯಾಯಿತು. ಆ ಕಟಕಟ ಕೇಳಿದರೆ ಗವಸು ಸರಿಯಾಗಿ ಕೂತಿದೆ ಎಂದೂ ಅರ್ಥ.

ಎಳೆಗೂಸುಗಳ ಮಾತು ಬೇರೆ. ನೆತ್ತಿ ಇನ್ನೂ ಕೂಡಿರುವುದಿಲ್ಲ, ಕತ್ತು ನಿಂತಿರುವುದಿಲ್ಲ. ಗಟ್ಟಿ ಪಟ್ಟಿಯ ಗವಸು ಹಾಕಲೇಬಾರದು. ಬಟ್ಟೆಯ ಪಟ್ಟಿ ಇರುವ ಮಾದರಿಗಳು ಸಿಗುತ್ತವೆ, ಆದರೆ ಆರು ತಿಂಗಳೊಳಗಿನ ಕೂಸನ್ನು ಬಂದೂಕು ಹೊಡೆಯುವ ಹೊಲಕ್ಕಾಗಲಿ ಡಿಜೆ ಮೆರವಣಿಗೆಗಾಗಲಿ ಒಯ್ಯದಿರುವುದೇ ಸರಿಯಾದ ಉಪಾಯ.

ಲಕ್ಷಣ: ಗವಸು ಹಾಕಿದ ಮೇಲೆ ಕರೆದರೆ ತಿರುಗುವುದಿಲ್ಲ, ಅಂಜಿ ತೊಡೆಗೆ ಅಂಟಿಕೊಳ್ಳುತ್ತದೆ

ಇದು ಗವಸಿನ ದೋಷವಲ್ಲ, ಅದು ಕೆಲಸ ಮಾಡುತ್ತಿದೆ. ಆದರೆ ಹೊಲದಲ್ಲಿ ಟ್ರ್ಯಾಕ್ಟರ್ ಹಿಂದಕ್ಕೆ ಬರುತ್ತದೆ, ಬಾವಿ ಇದೆ, ಹಾವಿದೆ. ಕೂಗಿ ಕರೆಯುವುದನ್ನೇ ನಂಬುವಂತಿಲ್ಲ. ಗವಸು ಹಾಕಿದಷ್ಟು ಹೊತ್ತು ಮಗು ಕೈಯಳತೆಯಲ್ಲಿರಲಿ. ಭುಜ ಮುಟ್ಟಿದರೆ ‘ನಿಲ್ಲು’ ಎಂಬ ಸಂಜ್ಞೆ ಮೊದಲೇ ಕಲಿಸಿ. ಸಣ್ಣ ಮಾತನ್ನು ಒಳಗೆ ಬಿಟ್ಟು ದೊಡ್ಡ ಏಟನ್ನು ತಡೆಯುವ ಎಲೆಕ್ಟ್ರಾನಿಕ್ ಗವಸುಗಳಿವೆ. ದುಬಾರಿ. ಬ್ಯಾಟರಿ ಮುಗಿದರೆ ಸಾಮಾನ್ಯ ಗವಸಾಗುತ್ತವೆ, ಅಷ್ಟೇ. ಶಾಲೆಗೆ ಹೋಗುವ ವಯಸ್ಸಿನವರಿಗೆ ಅವು ಹಿಡಿಸುತ್ತವೆ.

ಲಕ್ಷಣ: ಪ್ಲಗ್ ನಿಲ್ಲುವುದಿಲ್ಲ, ಅಥವಾ ಒಳಗೇ ಉಳಿದಿದೆ

ಫೋಮ್ ಪ್ಲಗ್ ದೊಡ್ಡವರ ಕಿವಿಯ ಅಳತೆಯದು. ಮಕ್ಕಳ ಕಿವಿನಾಳ ಕಿರಿದು, ಪ್ಲಗ್ ಅರ್ಧಕ್ಕೇ ನಿಂತು ಉದುರುತ್ತದೆ. ಉದುರಿದ್ದು ಬಾಯಿಗೆ ಹೋದರೆ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಏಳೆಂಟು ವರ್ಷದವರೆಗೆ ನಾನು ಪ್ಲಗ್ ಬಳಸುವುದೇ ಇಲ್ಲ. ಒಳಗೆ ಉಳಿದಿದ್ದರೆ ಹೇರ್‌ಪಿನ್ನು, ಬೆಂಕಿಕಡ್ಡಿ, ಇಕ್ಕಳ ಹಾಕಬೇಡಿ. ತುದಿ ಬೆರಳಿಗೆ ಸಿಗದಿದ್ದರೆ ಕಿವಿ ಮೂಗು ಗಂಟಲು ವೈದ್ಯರ ಬಳಿ ಹೋಗಿ. ಹತ್ತಿಯ ಉಂಡೆ ತಡೆಯುವುದು ತೀರ ಕಡಿಮೆ, ಅದನ್ನು ರಕ್ಷಣೆ ಎಂದು ಲೆಕ್ಕಕ್ಕೆ ಹಿಡಿಯಬೇಡಿ.

ಲಕ್ಷಣ: ಕಾರ್ಬೈಡ್ ಪೈಪಿಗೆ ಯಾವ ಗವಸೂ ಸಾಲುತ್ತಿಲ್ಲ

ಇಲ್ಲಿ ಗವಸನ್ನು ರಿಪೇರಿ ಮಾಡಬೇಡಿ, ಪೈಪನ್ನು ನಿಲ್ಲಿಸಿ. ಕಾರ್ಬೈಡ್ ಕಲ್ಲಿಗೆ ನೀರು ಬಿದ್ದಾಗ ಅಸಿಟಿಲೀನ್ ಅನಿಲ ಹುಟ್ಟುತ್ತದೆ, ಲೈಟರಿನ ಕಿಡಿಗೆ ಅದು ಪ್ಲಾಸ್ಟಿಕ್ ಕೊಳವೆಯೊಳಗೆ ಸಿಡಿಯುತ್ತದೆ. ಸಿಡಿಯಲಿಲ್ಲವೆಂದು ಬಗ್ಗಿ ಇಣುಕಿದಾಗಲೇ ಕಣ್ಣು ಹೋಗುವುದು. 2025ರ ದೀಪಾವಳಿಯಲ್ಲಿ ಮಧ್ಯಪ್ರದೇಶದಲ್ಲಿ ಇಂಥ ಪೈಪುಗಳಿಂದ ಅನೇಕ ಮಕ್ಕಳ ಕಣ್ಣಿಗೆ ಪೆಟ್ಟಾಯಿತು, ಕೆಲವರು ದೃಷ್ಟಿಯನ್ನೇ ಕಳೆದುಕೊಂಡರು. ಇದಕ್ಕೆ ಅಳತೆಯೂ ಇಲ್ಲ, ಮುದ್ರೆಯೂ ಇಲ್ಲ. ನೆರೆಯ ಹೊಲದವರಿಗೆ ನಾನು ಹೇಳಿದ್ದು ಇಷ್ಟೇ: ಹಬ್ಬದ ದಿನ ಮಧ್ಯಾಹ್ನದ ಮಟ್ಟಿಗೆ ಡಬ್ಬ ಬಡಿಯಿರಿ, ಹೊಳೆಯುವ ಪಟ್ಟಿ ಕಟ್ಟಿ, ಬೇಕಾದರೆ ನಾನೇ ಬಂದು ಕವಣೆ ಬೀಸುತ್ತೇನೆ. ನಕ್ಕರು. ಆದರೆ ನಿಲ್ಲಿಸಿದರು.

ಲಕ್ಷಣ: ಮನೆಗೆ ಬಂದ ಮೇಲೆ ‘ಕಿವಿಯಲ್ಲಿ ಜೇನು ಗುಂಯ್ ಎನ್ನುತ್ತಿದೆ’ ಎನ್ನುತ್ತದೆ, ಟಿವಿ ಜೋರು ಮಾಡುತ್ತದೆ, ‘ಆಂ?’ ಎನ್ನುತ್ತದೆ

ಕಿವಿ ದಣಿದಿದೆ. ಅಂದು, ಮರುದಿನ ಪೂರ್ತಿ ಸದ್ದಿನಿಂದ ದೂರವಿಡಿ. ಕಲಬುರಗಿಯ ಶರಣಬಸವೇಶ್ವರ ಜಾತ್ರೆಯ ಹೊತ್ತಾಗಿದ್ದರೆ ತೇರನ್ನು ದೂರದ ಮಾಳಿಗೆಯಿಂದ ನೋಡಿದರಾಯಿತು. ದಣಿವು ಕೆಲವು ಗಂಟೆಗಳಲ್ಲಿ ಇಳಿಯಬಹುದು. ಇಳಿದರೂ ‘ಏನೂ ಆಗಲಿಲ್ಲ’ ಎಂದು ಬರೆದುಕೊಳ್ಳಬೇಡಿ, ಮುಂದಿನ ಸಲಕ್ಕೆ ದೂರ ಸಾಲದಾಗಿದೆ ಎಂದು ಬರೆದುಕೊಳ್ಳಿ.

ಮನೆಯಲ್ಲಿ ಮಾಡಬಹುದಾದ ಪರೀಕ್ಷೆ ಒಂದೇ. ಮಗುವಿನ ಹಿಂದೆ ಎರಡು ಹೆಜ್ಜೆ ದೂರ ನಿಂತು, ಒಂದು ಕಿವಿಯನ್ನು ಅದರ ಕೈಯಿಂದಲೇ ಮುಚ್ಚಿಸಿ, ‘ಬೆಲ್ಲ ಬೇಕೆ?’ ಎಂದು ಪಿಸುಗುಟ್ಟಿ. ಮತ್ತೊಂದು ಕಿವಿಗೂ ಹಾಗೆಯೇ. ಒಂದು ಕಡೆ ಬೆಲ್ಲ ಬೇಕಾಗಿ ಇನ್ನೊಂದು ಕಡೆ ಬೇಡವಾದರೆ ಕಾಯಬೇಡಿ.

ಗುಂಯ್‌ಗುಡುವಿಕೆ ಅಥವಾ ಮಂದ ಕೇಳ್ಮೆ ಮರುದಿನಕ್ಕೂ ಉಳಿದರೆ ವೈದ್ಯರನ್ನು ಕಾಣಬೇಕು. ಕೇಳ್ಮೆ ಒಮ್ಮೆಲೆ ಹೋಗಿದ್ದರೆ, ಕಿವಿಯಿಂದ ರಕ್ತ ಅಥವಾ ನೀರು ಬಂದರೆ, ತೀವ್ರ ನೋವಿದ್ದರೆ, ತಲೆ ಸುತ್ತಿ ವಾಲುತ್ತಿದ್ದರೆ ಅದೇ ದಿನ ಹೊರಡಿ. ಏಟಿನ ನಂತರದ ಚಿಕಿತ್ಸೆಗೆ ಮೊದಲ ಒಂದೆರಡು ದಿನಗಳೇ ಹೆಚ್ಚು ಬೆಲೆಯವು. ಕಲಬುರಗಿ, ಬೀದರ್, ಯಾದಗಿರಿ ಮೂರೂ ಜಿಲ್ಲಾ ಕೇಂದ್ರಗಳಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿವೆ. ಹೊರಡುವ ಮೊದಲು ಕುಸುಬಿ ಎಣ್ಣೆ ಬಿಸಿ ಮಾಡಿ ಕಿವಿಗೆ ಬಿಡುವ ಹಿರಿಯರ ಕೈ ತಡೆಯಿರಿ. ಕಿವಿಯ ತಮಟೆ ಹರಿದಿದ್ದರೆ ಆ ಎಣ್ಣೆ ನೇರ ನಡುಗಿವಿಗೆ ಇಳಿಯುತ್ತದೆ. ನೀರೂ ಬೇಡ, ಹತ್ತಿಕಡ್ಡಿಯೂ ಬೇಡ.

ವೈದ್ಯರ ಬಳಿ ನಾಲ್ಕು ಸಂಗತಿ ಹೇಳಿ: ಯಾವ ಸದ್ದು, ಎಷ್ಟು ದೂರದಿಂದ, ಎಷ್ಟು ಏಟು, ಎಷ್ಟು ಗಂಟೆಗೆ. ‘ಮಗು ಚಿಕ್ಕದು, ಕೇಳ್ಮೆ ಪರೀಕ್ಷೆ ಆಗದು’ ಎಂದು ಯಾರಾದರೂ ಹೇಳಿದರೆ ಒಪ್ಪಿಕೊಂಡು ಮರಳಬೇಡಿ. ಉತ್ತರ ಹೇಳಲಾರದ ಕೂಸಿಗೂ, ಮಲಗಿಸಿಯೇ ಮಾಡುವ ಒಎಇ ಮತ್ತು ಬೆರಾ ಎಂಬ ಪರೀಕ್ಷೆಗಳಿವೆ. ತಂಗಿಯ ಮಗನಿಗೂ ಅಂದು ಅದೇ ಮಾಡಿಸಿದೆವು. ಕಿವಿಗಳೆರಡೂ ಸರಿಯಿದ್ದವು. ಗವಸನ್ನೂ ಚೀಲದಲ್ಲಿ ಒಯ್ಯಿರಿ. ಮೆತ್ತೆ ಎಲ್ಲಿ ಬಾಯಿ ಬಿಟ್ಟಿತ್ತು ಎಂದು ಮಗುವಿನ ತಲೆಯ ಮೇಲೆಯೇ ತೋರಿಸಬಹುದು.